ಹೆಸರು ಹೇಳಲಾಗದ ಮಾತ್ರೆ

ದೊಡ್ಡಮ್ಮನಿಗೆ ಸುಲಭಕ್ಕೆ ಅಸಹ್ಯವಾಗುತ್ತಿರಲಿಲ್ಲ. ವಸತಿಗೃಹಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ವಿಂಗಡಣೆಯ ಮೇಜಿನ ಮುಂದೆ ನಿಂತವಳು. ಮೂಟೆ ಬಿಚ್ಚುವುದು, ಕಲೆ ನೋಡುವುದು, ಇದು ರಕ್ತ, ಇದು ಕಾಫಿ, ಇದು ವಾಂತಿ ಎಂದು ಬೇರೆ ಬೇರೆ ಬುಟ್ಟಿಗೆ ಎಸೆಯುವುದು ಅವಳ ಕೆಲಸ. ಬಿಳಿ ಹಾಸಿಗೆಯ ಮೇಲೆ ಮನುಷ್ಯರು ಏನೇನು ಬಿಟ್ಟು ಹೋಗುತ್ತಾರೆ ಎಂಬುದರಲ್ಲಿ ಅವಳಿಗೆ ತಿಳಿಯದ್ದು ಯಾವುದೂ ಉಳಿದಿರಲಿಲ್ಲ. ಹೊಸದಾಗಿ ಸೇರಿದ ಹೆಂಗಸರು ಮೂಗು ಮುಚ್ಚಿಕೊಂಡರೆ, "ಕೊಳೆ ಏನೂ ಮಾಡಲ್ಲ ಕಣ್ರೇ, ನೀರು ಹಾಕಿದ್ರೆ ಹೋಗುತ್ತೆ" ಎಂದು ಅಲ್ಲೇ ಪಕ್ಕದಲ್ಲಿ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದಳು. ಅಂಥವಳಿಗೆ ಹೊಟ್ಟೆ ತೊಳಸಿದ್ದು ಒಂದು ಔಷಧಿ ಅಂಗಡಿಯಲ್ಲಿ, ಫಿನಾಯಿಲ್ ಹಾಕಿ ಒರೆಸಿದ ನೆಲದ ಮೇಲೆ ನಿಂತು.

ಅವಳು ದೊಡ್ಡಮ್ಮ ಆದದ್ದು ತಂಗಿಯ ಮಗುವಿಗೆ. ಮಗುವಿಗೆ ಈಗ ಎರಡು ತಿಂಗಳು. ಮೊದಲ ಸಲ ಕೈಗೆತ್ತಿಕೊಂಡಾಗ ಹಕ್ಕಿಮರಿಯಷ್ಟೂ ಭಾರ ಅನ್ನಿಸದಿದ್ದುದರಿಂದ ದೊಡ್ಡಮ್ಮ ಅದಕ್ಕೆ ಪಿಟ್ಟೆ ಎಂದು ಹೆಸರಿಟ್ಟಳು. ಪಿಟ್ಟೆ ಹುಟ್ಟುವಾಗಲೇ ಹೃದಯದ ನಡುಗೋಡೆಯಲ್ಲಿ ದೊಡ್ಡ ತೂತು ಇಟ್ಟುಕೊಂಡು ಬಂದಿತ್ತು. ಇಪ್ಪತ್ತನೆಯ ದಿನ ಡಾಕ್ಟರು ಎದೆ ತೆರೆದು ತೂತು ಮುಚ್ಚಿದರು. ಆದರೆ ಅಷ್ಟರಲ್ಲಿ ರಕ್ತದ ರಭಸ ತಿಂದು ತಿಂದು ಶ್ವಾಸಕೋಶದ ನಾಳಗಳು ಬಿಗಿದುಕೊಳ್ಳುವ ಚಾಳಿ ಕಲಿತಿದ್ದವು. ಮುಷ್ಟಿ ಕಟ್ಟಿದ ಹಾಗೆ ಬಿಗಿದರೆ ಮಗುವಿಗೆ ಉಸಿರು ಸಾಲದು, ತುಟಿ ನೀಲಿಯಾಗುತ್ತದೆ. ಆ ಮುಷ್ಟಿ ಬಿಡಿಸಲು ಒಂದು ಔಷಧಿ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ. ಒಂದು ಹೊತ್ತೂ ತಪ್ಪಬಾರದು, ಥಟ್ಟನೆ ನಿಲ್ಲಿಸಿದರೆ ಮೊದಲಿಗಿಂತ ಹೆಚ್ಚು ಬಿಗಿಯುತ್ತದೆ ಎಂದು ಡಾಕ್ಟರು ಮೂರು ಸಲ ಹೇಳಿ ಕಳಿಸಿದ್ದರು.

ಔಷಧಿಯ ಹೆಸರು ಸಿಲ್ಡೆನಾಫಿಲ್. ಇದೋ, ಬರೆದೆ, ಕೈ ಸುಡಲಿಲ್ಲ. ಗಂಡಸರು ಹಾಸಿಗೆಯ ಶೌರ್ಯಕ್ಕೆಂದು ಗುಟ್ಟಾಗಿ ಕೊಳ್ಳುವ ಮಾತ್ರೆಯೂ ಇದೇ. ಮಾತ್ರೆಗೆ ತಾನು ಯಾರ ಹೊಟ್ಟೆಗೆ ಹೋದೆ ಎಂದು ಗೊತ್ತಿಲ್ಲ. ರಕ್ತನಾಳ ಸಡಿಲಿಸುವುದಷ್ಟೇ ಅದಕ್ಕೆ ಬರುವ ಕೆಲಸ. ಅದನ್ನು ನೋಡಿ ನಗುವ ಕೆಲಸ ಮನುಷ್ಯರು ಕಲಿತದ್ದು.

ಒಂದು ತಿಂಗಳು ಆಸ್ಪತ್ರೆಯವರೇ ಮಾತ್ರೆ ಅರೆದು, ಹದವಾಗಿ ಕಲಸಿ, ಕಂದು ಸೀಸೆಯಲ್ಲಿ ಕೊಟ್ಟಿದ್ದರು. ಔಷಧಿ ಕಲಸುವ ಹೆಂಗಸು ಒಬ್ಬಳಿದ್ದಳು, ಎಲ್ಲರೂ ಅವಳನ್ನು ಸಿಸ್ಟರ್ ಎನ್ನುತ್ತಿದ್ದರು. ಈ ವಾರ ಅವಳ ಕೋಣೆ ದುರಸ್ತಿಗೆಂದು ಮುಚ್ಚಿತ್ತು. ಅದಕ್ಕೇ ಡಾಕ್ಟರಿಂದ ಚೀಟಿ ಬರೆಸಿ ಕೊಟ್ಟಳು. ಅಂಗಡಿಯಲ್ಲಿ ಮಾತ್ರೆ ಕೊಂಡು, ಒಂದನ್ನು ನುಣ್ಣಗೆ ಪುಡಿ ಮಾಡಿ, ಹತ್ತು ಮಿಲಿ ನೀರಿನಲ್ಲಿ ಕದಡಿ, ಸಿರಿಂಜಿನಲ್ಲಿ ಒಂದೇ ಒಂದು ಮಿಲಿ ಎಳೆದು ಕೊಡಬೇಕು, ಉಳಿದದ್ದನ್ನು ಚೆಲ್ಲಬೇಕು. ಚೀಟಿ ಮಗುವಿನ ಅಪ್ಪನ ಜೇಬಿಗೆ ಹೋಗಿ ಇವತ್ತಿಗೆ ಮೂರು ದಿನ.

ಅಪ್ಪ ಒಂದು ಕಚೇರಿಯಲ್ಲಿ ಗುಮಾಸ್ತ. ಅಂಗಿಯ ತೋಳಿನ ಗೆರೆ ಚೂಪಾಗಿರದಿದ್ದರೆ ಬಾಗಿಲು ದಾಟದವನು. ಬಟ್ಟೆ ಕಾರ್ಖಾನೆಯ ದೊಡ್ಡಮ್ಮ ಅವನಿಗೆ ಮದುವೆಯ ವಾರದಲ್ಲೇ ಇಸ್ತ್ರಿ ಎಂದು ಅಡ್ಡಹೆಸರಿಟ್ಟಿದ್ದಳು. ಕೆಟ್ಟವನಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಮೂರು ವಾರ ಮಲಗಿದ್ದ, ಎರಡು ಸಲ ರಕ್ತ ಕೊಟ್ಟಿದ್ದ. ಮಗುವಿನ ಎದೆಯ ಗಾಯ ನೋಡಿ ಗೋಡೆಗೆ ಮುಖ ಮಾಡಿ ಅತ್ತದ್ದನ್ನೂ ದೊಡ್ಡಮ್ಮ ಕಂಡಿದ್ದಳು. ಆಮೇಲೆ ಅವಳ ಮೈ ಉರಿದದ್ದೂ ಇದೇ ಕಾರಣಕ್ಕೆ.

ಅವತ್ತು ರಜಾದಿನ, ಆದರೂ ಕಾರ್ಖಾನೆಗೆ ರಜೆಯಿಲ್ಲ. ಬೆಳಗಿನ ಪಾಳಿ ಮುಗಿಸಿ ದೊಡ್ಡಮ್ಮ ಹನ್ನೆರಡೂವರೆಗೆ ತಂಗಿಯ ಮನೆಗೆ ಬಂದಳು. ಕೈ ತೊಳೆಯಲು ಬಚ್ಚಲಿಗೆ ಹೋದಾಗ ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಹೊಸ ಬಾಚಣಿಗೆ, ಹೊಸ ಬ್ಲೇಡಿನ ಪೊಟ್ಟಣ, ಕೆಮ್ಮಿನ ಚೀಪುಗುಳಿಗೆ ಕಂಡವು. ಯಾವುದನ್ನೂ ಬಿಚ್ಚಿರಲಿಲ್ಲ. ಯಾರಿಗೆ ಕೆಮ್ಮು ಎಂದುಕೊಂಡು ಹೊರಗೆ ಬಂದಳು.

ತಂಗಿ ಕಿಟಕಿಯ ಪಕ್ಕ ಮಗುವನ್ನು ಹಿಡಿದು ಕೂತಿದ್ದಳು. ಮಗು ಎರಡು ಗುಟುಕು ಕುಡಿದು ಬಿಡುತ್ತಿತ್ತು. ಹಣೆಯ ಮೇಲೆ ಬೆವರು.

"ನೋಡಕ್ಕ, ತುಟಿ ನೋಡು. ಬೆಳಕಿಗೆ ಹೀಗೆ ಕಾಣ್ತಿದೆಯೋ, ನಿಜವಾಗ್ಲೂ ಬಣ್ಣ ತಿರುಗಿದೆಯೋ?"

ಬಣ್ಣ ನೋಡುವುದರಲ್ಲಿ ದೊಡ್ಡಮ್ಮನನ್ನು ಮೀರಿಸುವವರಿಲ್ಲ. ಬಣ್ಣ ತಿರುಗಿತ್ತು.

"ಬೆಳಿಗ್ಗೆ ಔಷಧಿ ಕೊಟ್ಯಾ?"

"ಎಲ್ಲಿಂದ ಕೊಡ್ಲಿ? ನಿನ್ನೆ ರಾತ್ರಿಗೆ ಸೀಸೆ ಖಾಲಿ. ಇವರು ಮೂರು ದಿನದಿಂದ ಅಲೀತಿದ್ದಾರೆ ಪಾಪ, ಎಲ್ಲೂ ಸ್ಟಾಕ್ ಇಲ್ವಂತೆ. ನಾಳೆ ಬರುತ್ತಂತೆ."

ಇಸ್ತ್ರಿ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ. "ಹೌದು, ನಾಳೆ ಬೆಳಿಗ್ಗೆ ಖಂಡಿತ ಬರುತ್ತೆ ಅಂದ್ರು" ಎಂದ. ಹೇಳುವಾಗ ಅಂಗಿಯ ತೋಳಿನ ಗೆರೆ ನೋಡಿಕೊಳ್ಳುತ್ತಿದ್ದ.

ದೊಡ್ಡಮ್ಮ ಆಸ್ಪತ್ರೆಗೆ ಫೋನು ಹಚ್ಚಿದಳು. ಸಿಸ್ಟರ್ ಸಿಕ್ಕಳು. ಸ್ಟಾಕ್ ಇಲ್ಲವಂತೆ ಎಂದದ್ದಕ್ಕೆ ಅವಳ ದನಿ ಏರಿತು.

"ಯಾರಮ್ಮ ಹಾಗಂದಿದ್ದು? ತಲೆನೋವಿನ ಮಾತ್ರೆ ಇಲ್ಲದ ಅಂಗಡಿ ಇರಬಹುದು, ಅದಿಲ್ಲದ ಅಂಗಡಿ ಇಲ್ಲ. ಮುಂದಿನ ಗಾಜಿನಲ್ಲೇ ಜೋಡಿಸಿಟ್ಟಿರ್ತಾರೆ. ಈಗಲೇ ತಂದು ಕೊಡಿ, ಎರಡು ಗಂಟೆವರೆಗೂ ಕಾಯಬೇಡಿ. ಕೊಟ್ಟು ಒಂದು ತಾಸಾದ್ರೂ ತುಟಿ ತಿಳಿಯಾಗದಿದ್ರೆ, ಇಲ್ಲಾ ಉಸಿರಾಟ ಜೋರಾದ್ರೆ, ಹತ್ತಿರದ ಆಸ್ಪತ್ರೆಗೆ ಓಡಿ. ನಮ್ಮಲ್ಲಿಗೆ ಬರೋಕೆ ನಿಮಗೆ ಮೂರು ತಾಸು ಬೇಕು, ಮಗು ಅಷ್ಟು ಕಾಯಲ್ಲ."

ದೊಡ್ಡಮ್ಮ ಫೋನು ಇಟ್ಟು ಇಸ್ತ್ರಿಯ ಕಡೆ ನೋಡಿದಳು. ಅವನ ಮುಖ ಹುಳ್ಳಗಾಗಿತ್ತು. ತಂಗಿಯ ಎದುರಿಗೆ ಏನೂ ಆಡಬಾರದೆಂದು ನಾಲಗೆ ಕಚ್ಚಿಕೊಂಡು ಕೈ ಚಾಚಿದಳು. ಅವನು ಜೇಬಿನಿಂದ ಚೀಟಿ ತೆಗೆದುಕೊಟ್ಟ. ಅದು ಎಂಟು ಮಡಿಕೆಯಾಗಿ ಮೂಲೆಗಳಲ್ಲಿ ಸವೆದಿತ್ತು.

ಬೀದಿಯ ಕೊನೆಗೆ ಔಷಧಿ ಅಂಗಡಿ. ಅಲ್ಲಿಗೆ ನಡೆಯುವಾಗ ತಾನೂ ಚೀಟಿಯನ್ನು ಮತ್ತೆ ಮಡಚಿ ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದೇನೆ ಎಂದು ಅವಳಿಗೆ ಗೊತ್ತಾದದ್ದು ಅಂಗಡಿಯ ಮೆಟ್ಟಿಲ ಮೇಲೆ. ಥೂ, ನನ್ನ ಜನ್ಮಕ್ಕಿಷ್ಟು ಎಂದುಕೊಂಡಳು. ಹಾಗಿದ್ದರೂ ಗಾಜಿನ ಮೇಲೆ ಚೀಟಿ ಬಿಡಿಸಿಡುವಾಗ ಅವಳ ದನಿ ಇಳಿದೇ ಇತ್ತು.

ಅಂಗಡಿಯವನಿಗೆ ಐವತ್ತರ ವಯಸ್ಸು, ಚಿನ್ನದ ಕಟ್ಟಿನ ಕನ್ನಡಕ. ಪಕ್ಕದ ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಅವನ ಸ್ನೇಹಿತನೊಬ್ಬ. ಗೋಡೆಯ ಮೇಲೆ ಕುದುರೆಯೊಂದು ಮುಂಗಾಲೆತ್ತಿ ನಿಂತ ಜಾಹೀರಾತು. ಅಂಗಡಿಯವನು ಚೀಟಿ ಓದಿದ, ಕನ್ನಡಕದ ಮೇಲಿಂದ ಅವಳನ್ನು ಓದಿದ, ಚೀಟಿಯನ್ನು ಸ್ಟೂಲಿನವನ ಕಡೆ ತಿರುಗಿಸಿದ.

"ಯಾರಿಗಮ್ಮ ಇದು?"

"ಮಗುವಿಗೆ."

"ಮಗುವಿಗಾ! ಮೀಸೆ ಬಂದಿರೋ ಮಗುವಿಗಾ?"

ಸ್ಟೂಲಿನವನು ಹಲ್ಲು ಕಿರಿದ. "ಪಾಪ, ಮನೆಯವರಿಗೆ ಬರೋಕೆ ಸುಸ್ತಾಗಿರಬೇಕು ಬಿಡು."

ಇಬ್ಬರೂ ನಕ್ಕರು. ದೊಡ್ಡಮ್ಮ ಆ ನಗು ನೋಡಿದಳು. ತುಟಿಯ ಮೂಲೆಯಲ್ಲಿ ಜೊಲ್ಲು ಕಟ್ಟಿಕೊಂಡ, ಅವಳ ಮೈಮೇಲೆ ನಿಧಾನವಾಗಿ ಅಡ್ಡಾಡಿದ ನಗು. ಹನ್ನೊಂದು ವರ್ಷದಲ್ಲಿ ಯಾವ ಮೂಟೆಯೂ ಮಾಡದ ಕೆಲಸವನ್ನು ಅದು ಮಾಡಿತು. ಬೆಳಿಗ್ಗೆ ಉಂಡದ್ದು ಗಂಟಲಿಗೆ ಬಂತು.

"ಎರಡು ತಿಂಗಳ ಮಗು. ವಯಸ್ಸು ಬರ್ದಿದೆ ನೋಡಿ. ಬೇಗ ಕೊಡಿ."

"ಎರಡು ತಿಂಗಳಿಗೆ ಇದನ್ನ ಯಾವ ಡಾಕ್ಟ್ರು ಬರೀತಾನಮ್ಮ? ನಮಗೇ ಕಿವಿಗೆ ಹೂವಾ?" ಎಂದು ಅಂಗಡಿಯವನು ಚೀಟಿಯನ್ನು ಬೆಳಕಿಗೆ ಹಿಡಿದ. ಆಮೇಲೆ ಏನೋ ಹೊಳೆದವನಂತೆ ಸ್ಟೂಲಿನವನ ಭುಜ ತಟ್ಟಿದ. "ಲೋ, ಇದು ಆ ಬಾಚಣಿಗೆಯವನ ಚೀಟಿ ಕಣೋ!"

"ಯಾವ ಬಾಚಣಿಗೆಯವನು?" ಎಂದಳು ದೊಡ್ಡಮ್ಮ. ಕೇಳುವ ಮೊದಲೇ ಅವಳಿಗೆ ಗೊತ್ತಾಗಿತ್ತು.

ಅಂಗಡಿಯವನು ಹುರುಪಿನಿಂದ ಅಭಿನಯಿಸಿಯೇ ತೋರಿಸಿದ. "ಇಸ್ತ್ರಿ ಅಂಗಿ ಹಾಕ್ಕೊಂಡು ದಿನಾ ಸಂಜೆ ಬರ್ತಾನೆ. ಹೀಗೆ ಜೇಬಿಗೆ ಕೈ ಹಾಕ್ತಾನೆ. ಚೀಟಿ ಇಷ್ಟು ಹೊರಗೆ ಬರುತ್ತೆ. ಯಾರಾದ್ರೂ ಮೆಟ್ಟಿಲು ಹತ್ತಿದ್ರೆ ಸಾಕು, ಒಳಗೆ. ಒಂದು ಬಾಚಣಿಗೆ ಕೊಡಿ ಅಂತಾನೆ. ಮಾರನೇ ದಿನ ಬ್ಲೇಡು. ನಮಗೆ ಗೊತ್ತಾಗಲ್ವಾ ಏನು ಬೇಕಾಗಿರೋದು ಅಂತ? ನಿನ್ನೆ ನಾವಿಬ್ರೂ ಪಂದ್ಯ ಕಟ್ಟಿದ್ವಿ, ಇವತ್ತು ಏನು ತಗೋತಾನೆ ಅಂತ. ನಾನು ಸೋಪು ಅಂದೆ."

"ನಾನು ಗೆದ್ದೆ. ಚೀಪುಗುಳಿಗೆ ತಗೊಂಡ" ಎಂದ ಸ್ಟೂಲಿನವನು.

ಮಾತ್ರೆಗಳು ಅವಳ ಮೊಣಕೈ ಕೆಳಗಿನ ಗಾಜಿನಲ್ಲೇ ಇದ್ದವು, ಸಿಸ್ಟರ್ ಹೇಳಿದ ಹಾಗೆ ಸಾಲಾಗಿ ಜೋಡಿಸಿ. ಮೂರು ಸಂಜೆ ಇಸ್ತ್ರಿ ಅವುಗಳ ಮುಂದೆ ನಿಂತಿದ್ದ. ಬೆಂಚಿನ ಮೇಲೆ ಮೂರು ವಾರ ಮಲಗಬಲ್ಲವನಿಗೆ ಒಂದು ಹೆಸರು ಉಚ್ಚರಿಸುವುದು ಆಗಿರಲಿಲ್ಲ. ಈ ಇಬ್ಬರು ಅದನ್ನು ಕಂಡೂ, ಏನು ಬೇಕಪ್ಪ ಎಂದು ಬಾಯಿ ಬಿಟ್ಟು ಕೇಳದೆ ಆಟ ನೋಡಿದ್ದರು. ದೊಡ್ಡಮ್ಮನಿಗೆ ಯಾರ ಮೇಲೆ ಹೆಚ್ಚು ಹೇಸಿಗೆ ಎಂದು ಹೇಳುವುದು ಕಷ್ಟವಿತ್ತು. ಬ್ಯಾಂಡೇಜು ಕೊಳ್ಳಲು ಬಂದ ಒಬ್ಬಾಕೆ ಹಿಂದೆ ನಿಂತಿದ್ದಳು, ಇನ್ನಿಬ್ಬರು ಮೆಟ್ಟಿಲು ಹತ್ತುತ್ತಿದ್ದರು. ಬರಲಿ, ಇನ್ನೂ ಹತ್ತು ಜನ ಬರಲಿ ಎನ್ನಿಸಿತು ಅವಳಿಗೆ.

"ಸಿಲ್ಡೆನಾಫಿಲ್ ಕೊಡಿ!" ಎಂದಳು. ಕಾರ್ಖಾನೆಯ ಯಂತ್ರಗಳ ಸದ್ದಿನ ಮೇಲೆ ಕೂಗಿ ಪಳಗಿದ ಗಂಟಲು ಅದು. "ನನ್ನ ತಂಗಿ ಮಗುವಿಗೆ. ಹುಟ್ಟುವಾಗಲೇ ಹೃದಯ ತೂತಾಗಿತ್ತು, ಎದೆ ಕುಯ್ದು ಹೊಲಿದಿದ್ದಾರೆ. ಈ ಔಷಧಿ ಇಲ್ಲದಿದ್ರೆ ಉಸಿರು ಕಟ್ಟುತ್ತೆ. ಬೆಳಿಗ್ಗೆಯಿಂದ ಇಲ್ಲ. ತುಟಿ ನೀಲಿಯಾಗ್ತಾ ಇದೆ. ನೀವಿಬ್ರೂ ಪಂದ್ಯ ಕಟ್ಟಿದ್ದು ಅದರ ಉಸಿರಿನ ಮೇಲೆ. ನಗ್ರಿ ಈಗ, ನಗ್ರಿ ನೋಡೋಣ. ಚೀಟಿ ಮೇಲೆ ಆಸ್ಪತ್ರೆ ನಂಬರಿದೆ, ಫೋನ್ ಮಾಡಿ ಕೇಳಿ. ಇಲ್ಲಾ ನಮ್ಮ ಮನೆಗೆ ಬನ್ನಿ, ಮಗು ತೋರಿಸ್ತೀನಿ."

ಅಂಗಡಿಯವನು ಫೋನು ಮಾಡಲಿಲ್ಲ. ಸ್ಟೂಲಿನವನು ಮೇಲಿನ ಕಾಲನ್ನು ಕೆಳಗಿಳಿಸಿದ. ಬ್ಯಾಂಡೇಜಿನಾಕೆ, "ಕೊಡ್ರಿ ಮೊದಲು, ಏನು ನೋಡ್ತಾ ಕೂತಿದ್ದೀರಾ" ಎಂದಳು. ಅಂಗಡಿಯವನು ಗಡಿಬಿಡಿಯಿಂದ ಒಂದು ಹಾಳೆ ಮಾತ್ರೆ ತೆಗೆದ. ಕೈಗೆ ಅಭ್ಯಾಸವಾಗಿಹೋಗಿತ್ತಲ್ಲ, ಅದನ್ನು ಪತ್ರಿಕೆಯಲ್ಲಿ ಸುತ್ತಿದ, ಕಪ್ಪು ಚೀಲಕ್ಕೆ ಹಾಕಿದ, ಪಿನ್ನು ಹೊಡೆದ. ದೊಡ್ಡಮ್ಮ ಅವನ ಕಣ್ಣೆದುರಿಗೇ ಚೀಲ ಹರಿದು, ಪತ್ರಿಕೆ ಕಿತ್ತು, ದುಡ್ಡಿನ ಜೊತೆ ಎರಡನ್ನೂ ಗಾಜಿನ ಮೇಲೆ ಬಿಟ್ಟಳು. ಬರೀ ಮಾತ್ರೆಯನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದು ಬೀದಿಯುದ್ದಕ್ಕೂ ಓಡು ನಡಿಗೆಯಲ್ಲಿ ಬಂದಳು.

ಮನೆಯಲ್ಲಿ ಎರಡು ಚಮಚಗಳ ನಡುವೆ ಮಾತ್ರೆ ಪುಡಿಯಾಯಿತು. ಹತ್ತು ಮಿಲಿ ನೀರು, ಒಂದು ಮಿಲಿ ಔಷಧಿ. ತಂಗಿ ಸಿರಿಂಜನ್ನು ಕೆನ್ನೆಯ ಒಳಗಿಟ್ಟು ಹನಿ ಹನಿಯಾಗಿ ಬಿಟ್ಟಳು. ಪಿಟ್ಟೆ ಮುಖ ಕಿವುಚಿತು, ನುಂಗಿತು. ಆಮೇಲೆ ಅಕ್ಕತಂಗಿಯರಿಬ್ಬರೂ ಆ ಬೆರಳಗಲದ ತುಟಿ ನೋಡುತ್ತ ಕೂತರು. ಇಪ್ಪತ್ತು ನಿಮಿಷಕ್ಕೆ ಏನೂ ಇಲ್ಲ. ದೊಡ್ಡಮ್ಮ ಚಪ್ಪಲಿ ಬಿಚ್ಚಿರಲಿಲ್ಲ, ಆಸ್ಪತ್ರೆಗೆ ಓಡಲು ಮಗುವಿನ ಹೊದಿಕೆ ಮಡಚಿ ಇಟ್ಟಿದ್ದಳು. ಮುಕ್ಕಾಲು ತಾಸಿಗೆ ಅಂಚಿನಲ್ಲಿ ಸ್ವಲ್ಪ ತಿಳಿಯಾಯಿತು. ಒಂದು ತಾಸಿಗೆ ಮಗು ಒಂದೇ ಸಮ ಹತ್ತು ಗುಟುಕು ಕುಡಿಯಿತು. ಬಣ್ಣ ಮರಳಿತು ಎಂದು ದೊಡ್ಡಮ್ಮ ಹೇಳಿದ ಮೇಲೆಯೇ ತಂಗಿ ಅತ್ತದ್ದು.

ಆಗ ಇಸ್ತ್ರಿ ಒಳಕೋಣೆಯಿಂದ ಬಂದ. ಮೇಜಿನ ಮೇಲಿದ್ದ ಮಾತ್ರೆಯ ಹಾಳೆಯನ್ನು ಹೆಸರಿನ ಬದಿ ಕೆಳಗಾಗುವಂತೆ ಮಗುಚಿಟ್ಟ. ದೊಡ್ಡಮ್ಮನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ.

"ಅಂಗಡೀಲಿ ಯಾರಿದ್ರು? ನಮಗೆ ಗೊತ್ತಿರೋರು ಯಾರಾದ್ರೂ ನೋಡಿದ್ರಾ?"

ದೊಡ್ಡಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ತಂಗಿ ತಲೆ ಎತ್ತಿದಳು. ಗಂಡನನ್ನು ನೋಡಿದಳು, ಮಗುಚಿಟ್ಟ ಹಾಳೆ ನೋಡಿದಳು. ಬಚ್ಚಲಿನ ಹಲಗೆಯ ಮೇಲೆ ದಿನಕ್ಕೊಂದರಂತೆ ಬಂದು ಕೂತ ಸಾಮಾನುಗಳನ್ನು ಅವಳೂ ಕಂಡಿದ್ದಳು. ಅವಳು ಕೂಗಾಡುವವಳಲ್ಲ. ಎದ್ದು ಬಂದು ಮಗುವನ್ನು ಗಂಡನ ತೋಳಿಗೆ ಇಟ್ಟಳು.

"ಸ್ಟಾಕ್ ಇತ್ತು ಅಲ್ವಾ?"

ಅವನು ಮಗುವಿನ ನೆತ್ತಿ ನೋಡುತ್ತಿದ್ದ.

"ನಾಳೆ ನಾಡಿದ್ದು ಅಕ್ಕ ಇಲ್ಲಿರಲ್ಲ. ಮಾತ್ರೆ ಮುಗಿದ್ರೆ ತರೋರು ನೀವೇ. ಇದನ್ನ ಎತ್ತಿಕೊಂಡು ಹೇಳಿ ನೋಡೋಣ. ಔಷಧಿ ಹೆಸರೇನು?"

"ಅಯ್ಯೋ, ಈಗ ಯಾಕೆ..."

"ಹೆಸರು ಹೇಳಿ ಅಂದೆ. ಜೋರಾಗಿ."

ಅವನು ತುಟಿ ಒದ್ದೆ ಮಾಡಿಕೊಂಡ. ಮಗು ಅವನ ಇಸ್ತ್ರಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದು ಸುಕ್ಕು ಮಾಡಿತ್ತು. ಅವನು ಬಾಯಿ ತೆರೆದ. ತೆರೆದವನು ಮೊದಲು ತಿರುಗಿ, ಬೀದಿಯ ಕಡೆಯ ಕಿಟಕಿ ಮುಚ್ಚಿದೆಯೇ ಎಂದು ನೋಡಿದ.

ದೊಡ್ಡಮ್ಮ ಎದ್ದು ಹೋಗಿ ಕಿಟಕಿಯ ಎರಡೂ ಬಾಗಿಲು ತೆರೆದಳು.