ಬೆರಳ ತುದಿಯ ವಾರ್ನಿಶ್

ಕಾಶಿಂಬಿ ಸೀಗೆಪುಡಿ ಹಚ್ಚಿ ಮತ್ತೆ ಮತ್ತೆ ತಿಕ್ಕಿದರೂ ತಂಗಿಯ ಬೆರಳ ತುದಿಯ ಕಂದು ಪದರು ಕದಲಲಿಲ್ಲ.

ತಂಗಿ ಹುಸೇನಮಾ ಬಿಳಿ ಬಟ್ಟೆಯ ಕೆಳಗೆ ಹಲಗೆಯ ಮೇಲೆ ಮಲಗಿದ್ದಳು. ಅಂಗಳದಲ್ಲಿ ಜನಾಜಾದ ಮಂಚ ಹೊರಲು ಬಂದ ಗಂಡಸರು ಕೆಮ್ಮುತ್ತ ನಿಂತಿದ್ದರು. ಮೈಯಲ್ಲಿ ಕೂದಲೆಳೆಯಷ್ಟು ಜಾಗಕ್ಕೆ ನೀರು ಮುಟ್ಟದಿದ್ದರೂ ಗುಸ್ಲ್, ಸತ್ತವರ ಕೊನೆಯ ಸ್ನಾನ, ಪೂರ್ತಿಯಾಗುವುದಿಲ್ಲ. ಸವದತ್ತಿಯಲ್ಲಿ ಎಷ್ಟೋ ಹೆಂಗಸರನ್ನು ತೊಳೆದು ಕಳಿಸಿದ ಕಾಶಿಂಬಿ ಸ್ವಂತ ತಂಗಿಯನ್ನು ಅರೆತೊಳೆದು ಕಳಿಸುವುದೇ?

“ಈ ವಯಸ್ಸಿನಾಗ ಉಗುರಿಗಿ ಬಣ್ಣ ಹಚ್ಕೊಂಡಿದ್ಳೇನು?”

ಪರದೆಯಾಚೆ ಕುಳಿತಿದ್ದ ಪದ್ಮವ್ವ ಅಳುತ್ತಲೇ ನಕ್ಕಳು. ಬೈಲಹೊಂಗಲದ ನೂಲಿನ ಗಿರಣಿಯಲ್ಲಿ ಹರಿದ ಎಳೆ ಕೂಡಿಸುವವಳು ಅವಳು. “ಬಣ್ಣ ಅಲ್ರಿ ಕಾಶಿಂಬಕ್ಕಾ. ವಾರ್ನಿಶ್. ಮೋಟರಿನ ತಂತಿಗಿ ಹಚ್ಚತಾರಲ್ಲ, ಅದು.”

“ಸುಟ್ಟ ಮೋಟರಿಗಿ ಹೊಸ ತಂತಿ ಕಟ್ಟಾಂವ ಈಕಿ ಗಂಡ ಟಿಪ್ಪುಸಾಬ. ಈಕಿಗೇನ್ ಸಂಬಂಧ?”

“ಅಂವಾ ಬಿಚ್ಚಾಂವ. ಕಟ್ಟಾಕಿ ಈಕಿ. ಬೈಲಹೊಂಗಲಕ್ಕೆಲ್ಲ ಗೊತ್ತೈತಿ. ನಿಮಗ ಹೇಳಿಲ್ಲೇನು?”

ಹೇಳಿರಲಿಲ್ಲ. ತವರಿಗೆ ಬಂದಾಗಲೆಲ್ಲ ಬೆರಳು ಮುಚ್ಚುವಷ್ಟು ಮೆಹಂದಿ ಹಚ್ಚಿಕೊಂಡು ಬರುತ್ತಿದ್ದಳು.

“ಗಿರಣ್ಯಾಗ ಚೋಕ್ ಕುಂಡ್ರಿಸಿದ್ದಾದ್ರೂ ಹೇಳಿದ್ಳೋ ಇಲ್ಲೋ?” ಎಂದು ಪದ್ಮವ್ವ ಶುರು ಮಾಡಿದಳು.

* * *

ಎಪ್ಪತ್ಮೂರನೇ ಇಸವಿಯಲ್ಲಿ ಗಿರಣಿಗೆ ಡ್ರೈವ್ ಎಂಬ ಹೊಸ ಪೆಟ್ಟಿಗೆ ಬಂದಿತ್ತು. ಗುಂಡಿ ತಿರುಗಿಸಿದರೆ ಸಾಕು, ಮೋಟರಿನ ವೇಗ ಏರುತ್ತಿತ್ತು, ಇಳಿಯುತ್ತಿತ್ತು. ಆದರೆ ಆ ಪೆಟ್ಟಿಗೆಯಿಂದ ಕರೆಂಟು ಎಡವುತ್ತ ಬರುತ್ತಿತ್ತು. ಮೋಟರು ಗುರುಗುಟ್ಟುತ್ತಿತ್ತು, ಅದರೊಳಗೆ ಕರೆಂಟು ಮುಟ್ಟಿಸುವ ಬ್ರಷ್ಷುಗಳಲ್ಲಿ ಕಿಡಿ ಹಾರುತ್ತಿತ್ತು, ಹೆಂಗಸರ ಮುಂದೆ ನೂಲು ಪಟಪಟ ಹರಿಯುತ್ತಿತ್ತು. ನಡುವೆ ಚೋಕ್ ಎಂಬ ತಂತಿಸುರುಳಿ ಕೂಡಿಸಿದರೆ ಕರೆಂಟು ಸಮನಾಗುತ್ತದೆ ಎಂದು ತಿಳಿದವರು ಹೇಳಿದರು. ಹುಬ್ಬಳ್ಳಿಯಿಂದ ತಂದದ್ದು ಮೋಟರಿಗೆ ಭಾರ ಬಿದ್ದ ಕೂಡಲೇ ಕಾದು ಹೊಗೆಯಾಡಿತು.

ಗಿರಣಿಯವರು ಹೇಳಿ ಕಳಿಸಿದಾಗ ಹುಸೇನಮಾ ಸೆರಗು ಹೊದ್ದು ಬಂದು ಸುಟ್ಟ ಚೋಕನ್ನು ಮೂಸಿದಳು. “ಮೋಟರ್ ಉಣ್ಣೂವಷ್ಟು ಕರೆಂಟು ಇದೂ ತಡಕೋಬೇಕಲ್ರಿ. ದಪ್ಪ ತಂತಿ ತರಸ್ರಿ. ಸುರುಳಿ ನಡುವಿನ ಕಬ್ಬಿಣದಾಗ ಒಂದು ಸಂದಿ ಬಿಡಬೇಕು, ಇಲ್ಲಂದ್ರ ಉಸಿರುಗಟ್ಟತೈತಿ.”

ಅಡುಗೆಮನೆಯ ನೆಲದ ಮೇಲೆ ಕುಳಿತು ಅವಳೇ ಸುತ್ತಿದಳು. ಗಿರಣಿಯಲ್ಲಿ ಕೂಡಿಸುವಾಗ ಫಿಟ್ಟರ್ ಲಗಮಣ್ಣ ಆ ಸಂದಿಯನ್ನು ಕಂಡು, ತಪ್ಪಿ ಉಳಿದದ್ದೆಂದು ತಗಡು ತುರುಕಿದ್ದ. ಮೋಟರು ಮೊದಲಿನಂತೆಯೇ ಗುರುಗುಟ್ಟಿತು.

“ಹಲ್ಲಿನ ಸಂದಿ ತುಂಬಿದಂಗ ತುಂಬೀಯಲ್ಲೋ ಅಣ್ಣಾ!” ಹುಸೇನಮಾ ತಗಡು ಕೀಳಿಸಿ, ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ಅಲ್ಲಿ ದಪ್ಪ ರಟ್ಟಿನ ತುಂಡು ಇಟ್ಟು ಬಿಗಿಸಿದಳು.

ಗುಂಡಿ ತಿರುಗಿತು. ಗುರುಗುಟ್ಟುವಿಕೆ ಇಳಿಯಿತು. ಕಿಡಿ ಆರಿತು. ನೂರಾರು ಎಳೆಗಳು ಎಷ್ಟು ನೆಟ್ಟಗೆ ಓಡಿದವೆಂದರೆ, ಓಡುತ್ತಿರುವುದೇ ಕಾಣಲಿಲ್ಲ. ಕೂಡಿಸಲು ಕೈ ಎತ್ತಿದ್ದ ಹೆಂಗಸರು ಹಾಗೆಯೇ ನಿಂತರು. ಒಂದೂ ಹರಿಯಲಿಲ್ಲ.

* * *

“ಆಪಾ, ಹೊತ್ತಾತು,” ಎಂದು ಅಂಗಳದಿಂದ ಟಿಪ್ಪುಸಾಬ ಕರೆದ.

“ತಡೀರಿ!” ಬ್ಲೇಡಿನಿಂದ ಕೆರೆಯೋಣವೆಂದರೆ ಕಾಶಿಂಬಿಗೆ ಕೈ ಬರಲಿಲ್ಲ.

ಪದ್ಮವ್ವ ಮನೆಯ ಮೋಟರ್ ಸಾಮಾನಿನಿಂದ ಬಾಟಲಿ ತಂದು ಪರದೆಯ ಕೆಳಗಿನಿಂದ ಸರಿಸಿದಳು. “ಥಿನ್ನರ್ ರಿ. ವಾರ್ನಿಶ್ ಬಿಡಸತೈತಿ.”

“ಅಯ್ಯ, ಶೆರೆ ನಾತ ಹೊಡಿತೈತಲ್ಲ!”

“ಕುಡಸಾಕ ಕೊಟ್ಟಿಲ್ಲ, ಹಚ್ಚರಿ.”

ಕಾಶಿಂಬಿ ಅರಿವೆ ತೋಯಿಸಿ ಒತ್ತಿ ಹಿಡಿದಳು. ಪದರು ಮೆತ್ತಗಾಯಿತು. ಅದರ ಕೆಳಗೆ ಇನ್ನೊಂದು, ಅದಕ್ಕೂ ಕೆಳಗೆ ಮತ್ತೊಂದು. ಕೊನೆಗೆ ಚರ್ಮ ಕಂಡಿತು. ತಂತಿ ಎಳೆದೆಳೆದು ಬಿದ್ದ ಸಣ್ಣ ಗೆರೆಗಳು ಒಂದರ ಮಗ್ಗುಲಿಗೆ ಒಂದು, ಎಲ್ಲಿಯೂ ಒಂದನ್ನೊಂದು ದಾಟದೆ, ಬೆರಳನ್ನು ಸುತ್ತಿಕೊಂಡಿದ್ದವು.

ಅವಳು ನೀರು ಸುರಿದಳು. ನೀರು ಆ ಗೆರೆಗಳಿಗಿಳಿದು ಎಳೆ ಎಳೆಯಾಗಿ ಬೆರಳನ್ನು ಬಳಸಿ ಹರಿಯಿತು. ತಂಬಿಗೆ ಬರಿದಾದ ಮೇಲೂ ಕಾಶಿಂಬಿ ಅದನ್ನು ಹಾಗೆಯೇ ಬಾಗಿಸಿ ಹಿಡಿದಿದ್ದಳು.