ಸುಣ್ಣದ ಡಬ್ಬಿಯಲ್ಲಿ ಬಂದ ಉತ್ತರ

ಅಂಟು ಹಚ್ಚಿ ಡಬ್ಬಿಗೆ ಮೆತ್ತಿದ ಕಾಗದವನ್ನು ಬಿಸಿಲಿಗಿಟ್ಟರೆ ಮೊದಲು ಒಣಗುವುದು ಅದರ ಅಂಚು. ಒಣಗುತ್ತ ಅದು ಮೆಲ್ಲಗೆ ಮೇಲೇಳುತ್ತದೆ. ಬೆರಳಿನಿಂದ ಒತ್ತದೆ ಬಿಟ್ಟರೆ ಇಡೀ ಕಾಗದವೇ ಡಬ್ಬಿಯಿಂದ ಬಿಟ್ಟುಬರುತ್ತದೆ. ಹೇಮಾವತಿಯಮ್ಮನವರ ಲೇಪದ ಕಾರ್ಖಾನೆಯಲ್ಲಿ ನನ್ನ ಕೆಲಸ ಅದೇ ಆಗಿತ್ತು. ಹಲಗೆಯ ಮುಂದೆ ಕುಳಿತು, ಏಳುವ ಅಂಚುಗಳನ್ನು ಒತ್ತುವುದು. ಶಾಲೆಯನ್ನು ಅರ್ಧಕ್ಕೇ ಬಿಟ್ಟಿದ್ದ ನನಗೆ, ಯಾರೊಡನೆಯೂ ಮಾತಾಡಬೇಕಿಲ್ಲದ ಆ ಕೆಲಸ ಹಿಡಿಸಿತ್ತು.

ಬಿಡುವಾದಾಗ ಕೆಟ್ಟ ಕಾಗದಗಳ ಹಿಂಬದಿಯಲ್ಲಿ ಚಿತ್ರ ಬರೆಯುತ್ತಿದ್ದೆ. ಒಂದು ದಿನ ಅದು ಹೇಮಾವತಿಯಮ್ಮನವರ ಕಣ್ಣಿಗೆ ಬಿತ್ತು. ಅವರು ಆಗ ಒಡೆದ ಚರ್ಮಕ್ಕೆಂದು ಹೊಸ ಲೇಪವೊಂದನ್ನು ಮಾಡಿಸಿದ್ದರು. ಅಲ್ಲಿಯವರೆಗೆ ನಮ್ಮಲ್ಲಿ ಗಂಡಸರ ಡಬ್ಬಿಯೇ ಬೇರೆ, ಹೆಂಗಸರ ಡಬ್ಬಿಯೇ ಬೇರೆ. ಒಳಗಿರುವುದು ಮಾತ್ರ ಒಂದೇ.

"ಇದಕ್ಕೆ ಹಾಗೆ ಬೇಡ. ಯಾರು ಬೇಕಾದ್ರೂ ತಗೊಳ್ಳೋ ಹಾಗಿರಬೇಕು. ಒಂದೇ ಡಬ್ಬಿ, ಒಂದೇ ಚಿತ್ರ. ನೀನೇ ಬರಿ," ಎಂದರು. "ಬರೆದು ಜೊತೆಯವರಿಗೆಲ್ಲ ಒಂದೊಂದು ಕೊಟ್ಟು ಕೇಳು. ಅವರು ಒಪ್ಪಿದ್ರೆ ಶನಿವಾರ ಅಚ್ಚಿಗೆ ಕಳಿಸ್ತೀನಿ, ಚಿತ್ರ ಬರೆಯೋಕೆ ಕಿಟಕಿ ಹತ್ತಿರದ ಮೇಜು ನಿನಗೆ. ಇಲ್ದಿದ್ರೆ ಅಚ್ಚಿನವರೇ ಏನಾದ್ರೂ ಹಾಕ್ತಾರೆ."

ಆ ಮೇಜು ನನಗೆ ಬೇಕಿತ್ತು. ಬೇಕು ಎಂದು ಯಾರಿಗೂ ಹೇಳದಷ್ಟು ಬೇಕಿತ್ತು.

ಒಂದು ಎಸಳೂ ತಪ್ಪದ ಹಾಗೆ ಮಲ್ಲಿಗೆಯನ್ನು ಬರೆದೆ. ಗುಲಾಬಿಯಾದರೆ ಹೆಂಗಸರದಾಗುತ್ತದೆ, ಮಲ್ಲಿಗೆ ದೇವರಿಗೂ ಏರುತ್ತದಲ್ಲ ಎಂಬುದು ನನ್ನ ಲೆಕ್ಕಾಚಾರ. ಕೈಯಿಂದಲೇ ಬಣ್ಣ ಹಾಕಿ, ಹೊಸ ಲೇಪ ತುಂಬಿದ ಡಬ್ಬಿಗಳನ್ನು ಸೆರಗಿನಲ್ಲಿಟ್ಟುಕೊಂಡು ಹೋಗಿ ಒಬ್ಬೊಬ್ಬರಿಗೂ ಒಂದೊಂದು ಕೊಟ್ಟೆ. ಕಡಾಯಿಯಲ್ಲಿ ಲೇಪ ಕಾಯಿಸುವ ಕೆಂಚಪ್ಪ ಒದ್ದೆ ಕೈ ಒರೆಸಿಕೊಂಡು ಡಬ್ಬಿಯನ್ನು ಬೆಳಕಿಗೆ ಹಿಡಿದ. "ಬಲು ಚೆಂದಾಗದೆ ಕಣವ್ವ," ಎಂದ. ಮೂಟೆ ಹೊರುವ ಗುರುಸಿದ್ದನೂ ಅದನ್ನೇ ಅಂದ. ನನ್ನ ಪಕ್ಕದಲ್ಲೇ ಕುಳಿತು ಡಬ್ಬಿ ಒರೆಸುವ ತಾಯಕ್ಕ ನನ್ನ ಗಲ್ಲ ಹಿಡಿದು, "ಹೂವು ಗಮಗುಟ್ಟಂಗೈತೆ," ಎಂದಳು. ಗಂಡ ತೀರಿಹೋದ ಮೇಲೆ ಅಣ್ಣನ ಮನೆಯಲ್ಲಿದ್ದವಳು ಅವಳು. ಅಲ್ಲಿ ನನಗೆ ಆಪ್ತಳೆಂದರೆ ಅವಳೊಬ್ಬಳೇ. ಎಲ್ಲರೂ ಒಪ್ಪಿದರೆಂದು ಹೇಮಾವತಿಯಮ್ಮನವರಿಗೆ ಹೇಳಿದೆ.

ಆದರೂ ಆಮೇಲಿನ ದಿನಗಳಲ್ಲಿ ಒಂದು ಸಂಗತಿ ಕಣ್ಣಿಗೆ ಬೀಳುತ್ತಿತ್ತು. ಕೆಂಚಪ್ಪನ ಬೆರಳಿನ ಸಂದಿಯ ಬಿರುಕುಗಳು ಕೂಡಿಕೊಳ್ಳುತ್ತಿದ್ದವು. ತಾಯಕ್ಕನ ಹಿಮ್ಮಡಿ ಮೆತ್ತಗಾಗಿತ್ತು. ನನ್ನ ಡಬ್ಬಿಗಳು ಮಾತ್ರ ಯಾರ ಕೈಯಲ್ಲೂ ಕಾಣುತ್ತಿರಲಿಲ್ಲ.

ಶುಕ್ರವಾರ ಊಟವಾದ ಮೇಲೆ ಎಲ್ಲರೂ ಜಗುಲಿಯಲ್ಲಿ ಎಲೆಯಡಿಕೆಗೆ ಕುಳಿತರು. ಕೆಂಚಪ್ಪ ಎಲೆಯ ತೊಟ್ಟು ಮುರಿದು, "ಯಾರತ್ರನಾದ್ರೂ ಒಸಿ ಸುಣ್ಣ ಐತಾ?" ಎಂದ.

"ನಿನ್ ಡಬ್ಬಿ ಏನಾಯ್ತೋ?" ಎಂದ ಗುರುಸಿದ್ದ.

"ಮುಗುದದೆ. ನಿಂದು ಕೊಡು."

"ನಂದೂ ಮುಗುದದೆ."

ತಾಯಕ್ಕನ ಎಲೆಯಡಿಕೆ ಚೀಲ ಬಾಯಿ ತೆರೆದು ಪಕ್ಕದಲ್ಲಿತ್ತು. ಅವಳು ಅಡಿಕೆ ಕತ್ತರಿಸುವುದರಲ್ಲಿ ಮುಳುಗಿದ್ದಳು. ಕೆಂಚಪ್ಪ ಅವಳ ಸುಣ್ಣದ ಡಬ್ಬಿಗೆ ಬೆರಳದ್ದಿ, ಎಲೆಗೆ ಸವರಿ, ಮಡಿಸಿ ಬಾಯಿಗಿಟ್ಟ. ಎರಡು ಸಲ ಅಗಿದವನೇ ಅಂಗಳಕ್ಕೆ ಓಡಿ ಉಗಿದ.

"ಥೂ! ಏನಮ್ಮೀ ಇದು, ಸುಣ್ಣ ಅಂದ್ರೆ ಮೇಣದಂಗೈತೆ!"

ತಾಯಕ್ಕ ಚೀಲವನ್ನು ಎದೆಗವಚಿಕೊಂಡಳು. "ಕೇಳ್ದೆ ಕೈ ಹಾಕಿದ್ರೆ ಇನ್ನೇನ್ ಸಿಗ್ತದೆ? ನಿನ್ ಸುಣ್ಣ ಅದೆಂಗ್ ಮುಗೀತು, ಅದ್ನ ಹೇಳು ಮೊದ್ಲು!"

ಗುರುಸಿದ್ದ ಕೆಂಚಪ್ಪನ ಮಡಿಲಿಗೆ ಕೈ ಹಾಕಿ ಅವನ ಡಬ್ಬಿಯನ್ನು ಕಿತ್ತು ತೆರೆದ. ಅದರಲ್ಲೂ ನಮ್ಮ ಲೇಪವೇ. ನಗು ತಡೆಯಲಾರದೆ ತನ್ನದನ್ನೂ ತೆಗೆದು ತೋರಿಸಿದ. ಬಿಳಿ ಸುಣ್ಣದ ಡಬ್ಬಿಯಲ್ಲಿ ಬಿಳಿ ಲೇಪವನ್ನು ಬಚ್ಚಿಟ್ಟುಕೊಂಡು ಮೂವರೂ ಊರೆಲ್ಲ ತಿರುಗಿದ್ದರು. ಜಗುಲಿಯೆಲ್ಲ ನಕ್ಕಿತು. ನಾನೂ ನಕ್ಕೆ, ನಗುತ್ತಿದ್ದಂತೆಯೇ ನನ್ನ ಮಲ್ಲಿಗೆ ಯಾರಿಗೂ ಬೇಕಾಗಿರಲಿಲ್ಲ ಎಂಬುದು ತಿಳಿಯಿತು.

ಕೆಂಚಪ್ಪ ನನ್ನ ಮುಖ ನೋಡಿದ. "ಬೇಜಾರಾಗಬ್ಯಾಡ ಕಣವ್ವ," ಎಂದ ಕೆಂಚಪ್ಪ. "ಹೂವಿನ ಡಬ್ಬಿ ಮಡಿಲಲ್ಲಿದ್ರೆ, ಯಾರಿಗ್ ಮಡಿಕ್ಕಂಡಿದ್ದೀಯ ಅಂತಾಳೆ ನನ್ನ ಹೆಂಡ್ತಿ. ರಾತ್ರಿ ಊಟ ಹಾಕಾಕಿಲ್ಲ."

ಅದು ಗಂಡಸರ ಮಾತಾಯಿತು. ನಾನು ತಾಯಕ್ಕನ ಕಡೆ ತಿರುಗಿದೆ. ಅವಳು ಡಬ್ಬಿಯ ಮುಚ್ಚಳ ಹಾಕುತ್ತ ಮೆಲುದನಿಯಲ್ಲಿ ಹೇಳಿದಳು: "ನಂಗೆ ಹೂವು ಎಲ್ಲಿಂದ ಬರ್ಬೇಕು ಮಗ? ನಮ್ಮತ್ತಿಗೆ ಕಂಡ್ರೆ ಏನಂದಾಳು?"

"ಮತ್ತೆ ಅವತ್ತೇ ಯಾಕಕ್ಕ ಹೇಳ್ಲಿಲ್ಲ?"

"ನೀನು ಇಲ್ಲಿ ಸೇರಿ ಎಷ್ಟು ದಿನ ಆಯ್ತು. ಮೊದಲನೇ ಸಲ ತಲೆ ಎತ್ತಿ ನನ್ನ ಒಂದು ಮಾತು ಕೇಳ್ದೆ. ಇಲ್ಲ ಅಂತ ಹೆಂಗನ್ಲಿ?"

ಹಲಗೆಯ ಬಳಿಗೆ ಮರಳಿ ಬಂದು ಕುಳಿತೆ. ಉಳಿದ ಮಲ್ಲಿಗೆ ಡಬ್ಬಿಗಳ ಕಾಗದದ ಅಂಚು ಬಿಸಿಲಿಗೆ ಏಳುತ್ತಿತ್ತು. ಒತ್ತಲು ಬೆರಳು ಚಾಚಿದವಳು ಕೈ ಹಿಂದೆ ತೆಗೆದುಕೊಂಡೆ. ಸುಮ್ಮನಿದ್ದರೆ ಮರುದಿನ ಅದು ಅಚ್ಚಿಗೆ ಹೋಗುತ್ತಿತ್ತು, ಮೇಜು ನನ್ನದಾಗುತ್ತಿತ್ತು. ಎದ್ದು ಹೇಮಾವತಿಯಮ್ಮನವರ ಕೋಣೆಗೆ ಹೋದೆ.

"ಹೂವು ಬೇಡಮ್ಮ," ಎಂದೆ.

"ಎಲ್ಲರೂ ಚೆನ್ನಾಗಿದೆ ಅಂದ್ರು ಅಂದೆಯಲ್ಲೇ?"

"ನನ್ನ ಮನಸ್ಸು ನೋಯಬಾರದು ಅಂತ ಅಂದ್ರು." ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೇ ನಡೆದದ್ದನ್ನೆಲ್ಲ ಹೇಳಿದೆ. ಅಷ್ಟು ಉದ್ದದ ಮಾತನ್ನು ನಾನು ಅದುವರೆಗೆ ಆಡಿರಲಿಲ್ಲ.

ಅವರು ಅಚ್ಚಿಗೆಂದು ಎತ್ತಿಟ್ಟಿದ್ದ ಚಿತ್ರವನ್ನು ಪಕ್ಕಕ್ಕೆ ಸರಿಸಿದರು. "ಸರಿ, ಹೂವು ಬೇಡ. ಮತ್ತೇನು?"

"ಗೊತ್ತಿಲ್ಲಮ್ಮ. ಇನ್ನೊಂದು ಸಲ ಕೇಳ್ಕೊಂಡು ಬರ್ತೀನಿ."

ಅಚ್ಚಿನವರಿಗೆ ಒಂದು ವಾರ ತಡೆಯಲು ಹೇಳಿಕಳಿಸಿದರು. ಮೇಜಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಎರಡನೆಯ ಸಲ ನಾನು ಚೆನ್ನಾಗಿದೆಯೇ ಎಂದು ಕೇಳಲಿಲ್ಲ. ಮನೆಯಲ್ಲಿ ಇದನ್ನು ಎಲ್ಲಿಡುತ್ತೀರಿ, ಯಾರೆದುರು ತೆಗೆಯುತ್ತೀರಿ ಎಂದು ಕೇಳಿದೆ. ಆಗ ಮಾತು ಬಂತು. "ಒಲೆ ಪಕ್ಕದ ಗೂಡಲ್ಲಿ," ಎಂದ ಕೆಂಚಪ್ಪ. "ದೀಪದ ಹತ್ರ, ಎಲ್ಲಾರ್ಗೂ ಕಾಣಂಗೆ. ಇಟ್ರೂ ಯಾರೂ ಏನೂ ಅನ್ಬಾರ್ದು," ಎಂದಳು ತಾಯಕ್ಕ. ನಾನು ಬರೆದದ್ದು ಇಷ್ಟೇ: ಸುಟ್ಟ ಇಟ್ಟಿಗೆಯ ಬಣ್ಣದ ಬರಿಯ ಕಾಗದ, ನಡುವೆ ಲೇಪದ ಹೆಸರು. ಅದನ್ನು ಡಬ್ಬಿಗೆ ಅಂಟಿಸಿ ಕೊಟ್ಟಾಗ ಯಾರೂ ಚೆಂದವೆನ್ನಲಿಲ್ಲ. ಗುರುಸಿದ್ದ, "ಇದರಲ್ಲಿ ನೀನು ಬರ್ದಿದ್ದಾದ್ರೂ ಏನು?" ಎಂದು ರೇಗಿಸಿದ. ರೇಗಿಸುತ್ತಲೇ ಡಬ್ಬಿಯನ್ನು ಅಂಗಿಯ ಮೇಲು ಜೇಬಿಗೆ ಹಾಕಿಕೊಂಡ.

ಅದು ಅಚ್ಚಾಗಿ ಬಂದ ಕೆಲವು ದಿನಗಳ ಮೇಲೆ ಕೈ ತೊಳೆಯಲು ನಲ್ಲಿಯ ಕಟ್ಟೆಗೆ ಹೋದೆ. ಕಟ್ಟೆಯ ಮೇಲೆ ಇಟ್ಟಿಗೆ ಬಣ್ಣದ ಒಂದು ಡಬ್ಬಿ ಮುಚ್ಚಳ ತೆರೆದುಕೊಂಡು ಕುಳಿತಿತ್ತು, ಯಾರೂ ಅದನ್ನು ಬಚ್ಚಿಟ್ಟಿರಲಿಲ್ಲ. ಒಳಗಿನ ಬಿಳುಪಿನಲ್ಲಿ ಬೆರಳಿನ ಗುಳಿಗಳು, ಒಂದು ಅಗಲವಾಗಿ, ಒಂದು ಸಣ್ಣದಾಗಿ, ಒಂದರೊಳಗೊಂದು ಇಳಿದಿದ್ದವು. ಮಧ್ಯಾಹ್ನದ ಬಿಸಿಲಿಗೆ ಅವುಗಳ ಅಂಚು ಕರಗಿ, ಯಾರದು ಯಾವುದೆಂದು ತಿಳಿಯದಂತೆ ಒಂದಾಗುತ್ತಿತ್ತು.