ಕೋಡಿ ಬಿತ್ತು

ಹಿತುಕಿದ ಅವರೆಬೇಳೆ ಸ್ಟೀಲ್ ಪಾತ್ರೆಗೆ ಬೀಳುವ ಸದ್ದೂ ಜಾಸ್ತಿಯೆನಿಸಿ ಅನಂತಲಕ್ಷ್ಮಿ ತಳಕ್ಕೊಂದು ಬಟ್ಟೆ ಹಾಸಿದಳು. ಭಾನುವಾರ ಸಂಜೆ ಈ ಮನೆಯಲ್ಲಿ ಮಿಕ್ಸಿ ತಿರುಗುವಂತಿಲ್ಲ, ಕುಕ್ಕರ್ ಕೂಗುವಂತಿಲ್ಲ. ಮಾರ್ಕೆಟ್ ರಸ್ತೆಯ ಗಲಾಟೆ ಒಳಗೆ ಬರದಂತೆ ಕಿಟಕಿಯನ್ನೂ ಮುಚ್ಚಿದ್ದಳು. ಮಗಳ ದನಿ ಕೇಳಿಸುವುದು ವಾರಕ್ಕೆ ಇದೊಂದೇ ಹೊತ್ತು.

ಇಂಚರಾ ಕಾಲೇಜಿಗೆ ಹೋಗುವುದನ್ನು ನಿಲ್ಲಿಸಿ ವರ್ಷದ ಮೇಲಾಗಿತ್ತು. ಯಾಕೆಂದು ಹೇಳಲಿಲ್ಲ, ಆಮೇಲೆ ಬೇರೇನನ್ನೂ ಹೇಳದಾದಳು. ಊಟಕ್ಕೆ ಕರೆದರೆ ಬರುತ್ತಾಳೆ, ಮಾತ್ರೆ ಕೊಟ್ಟರೆ ನುಂಗುತ್ತಾಳೆ. ಹೋದ ಮಳೆಗಾಲದ ಒಂದು ಬೆಳಿಗ್ಗೆಯ ನಂತರ ಬಚ್ಚಲ ಬಾಗಿಲ ಚಿಲಕವನ್ನು ಅನಂತಲಕ್ಷ್ಮಿ ತಾನೇ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಿದ್ದಳು. ಅವಳ ಗಂಡ ಅದನ್ನು ನೋಡಿ, ನೋಡದವರ ಹಾಗೆ ಪೇಪರ್ ತೆಗೆದುಕೊಂಡಿದ್ದರು.

ಆದರೆ ಭಾನುವಾರ ಆತ್ರೇಯ, ಸಮರ್ಥ ಎಂಬ ಇಬ್ಬರು ಹಳೆಯ ಕ್ಲಾಸ್‌ಮೇಟುಗಳು ದಾಳ, ಆಟದ ಪುಸ್ತಕ ಹಿಡಿದು ಬಂದರೆ ಇಂಚರಾ ಬೆಳ್ಳಕ್ಕಿಕೆರೆಯ ನೀರಗಂಟಿಯಾಗುತ್ತಾಳೆ. ಏಳುಕೆರೆ ಸೀಮೆ ಅಂತ ಆಟದ ಹೆಸರು. ಬೋರ್ಡು ಇಲ್ಲ, ಕಾಯಿ ಇಲ್ಲ. ಒಬ್ಬ ಆ ಸೀಮೆಯ ಕಥೆ ಹೇಳುತ್ತಾ ಹೋಗಬೇಕು, ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳಿ ದಾಳ ಉರುಳಿಸಬೇಕು. ಕಥೆ ಹೇಳುವವನು ಆತ್ರೇಯ. ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವವಳು ನೀರಗಂಟಿ. ಕೆರೆಯಲ್ಲಿ ನೀರಿರುವ ತನಕ ಅವಳಿಗೆ ಸಾವಿಲ್ಲ ಎಂದು ಪುಸ್ತಕದ ಮೊದಲ ಆವೃತ್ತಿಯಲ್ಲೇ ನಿಯಮವಿತ್ತಂತೆ. ಹಿಂದೆ ಇಂಚರಾ ಇದನ್ನೆಲ್ಲ ಕೈಯಾಡಿಸುತ್ತಾ ಹೇಳಿದಾಗ ಅನಂತಲಕ್ಷ್ಮಿ ಸೊಪ್ಪು ಸೋಸುತ್ತಾ ಹೂಂ ಅಂದಿದ್ದಳು, ಅಷ್ಟೆ.

ಎರಡನೇ ಆವೃತ್ತಿ ಬಂದಾಗ ಆ ನಿಯಮ ಹೋಯಿತು. ಮೊದಲು ಕೆರೆಗಳು ನೀರಗಂಟಿಯ ಜೊತೆ ಮಾತಾಡುತ್ತಿದ್ದವು, ಅದನ್ನೂ ಪುಸ್ತಕ ಬರೆದವರು ತೆಗೆದರು. ನಿಯಮ ಬದಲಾದರೆ ಸೀಮೆಯಲ್ಲೂ ಏನಾದರೂ ನಡೆಯಬೇಕಲ್ಲ, ಅದಕ್ಕೆ ಕೆರೆಗಳು ಮಾತು ಬಿಟ್ಟ ವರ್ಷ ಅಂತ ಒಂದು ಕಥೆ ಕಟ್ಟಿದರು. ಇಂಚರಾ ಮಾತು ಬಿಟ್ಟದ್ದೂ ಅದೇ ವರ್ಷ. ಪುಸ್ತಕಕ್ಕೂ ಮಗಳಿಗೂ ಸಂಬಂಧವಿಲ್ಲವೆಂದು ಅನಂತಲಕ್ಷ್ಮಿಗೆ ಗೊತ್ತು. ಗೊತ್ತಿದ್ದೂ ಆ ಎರಡನೇ ಪುಸ್ತಕ ಮೇಜಿನ ಮೇಲಿದ್ದರೆ ಅವಳು ಮುಟ್ಟುತ್ತಿರಲಿಲ್ಲ.

ಈವತ್ತು ಆಟಕ್ಕೆ ಕೂರುವ ಮೊದಲೇ ಆತ್ರೇಯ ಅಡುಗೆಮನೆಗೆ ಬಂದ. ಹಿಂದೆ ಸಮರ್ಥ.

"ಆಂಟಿ, ಒಂದು ವಿಷಯ. ಥರ್ಡ್ ಎಡಿಷನ್ ಬಂದಿದೆ."

"ಬರಲಿ ಬಿಡು."

"ಅದ್ರಲ್ಲಿ ಬೆಳ್ಳಕ್ಕಿಕೆರೆ ಇಲ್ಲ. ಊರು ಮುಳುಗೋಗಿದೆ. ನೀರಗಂಟೀನೂ ಸತ್ತಿದಾಳೆ."

ಹಿತುಕಿದ ಬೇಳೆ ಬೆರಳಿಂದ ಜಾರಿ ನೆಲಕ್ಕೆ ಬಿತ್ತು. "ಯಾರೋ ಸಾಯಿಸಿದ್ದು?"

"ಯಾರೂ ಅಲ್ಲ ಆಂಟಿ, ಬುಕ್ಕು! ಫಸ್ಟ್ ಎಡಿಷನ್ನಿನ ಕಡೇ ಪೇಜಲ್ಲೇ ಹಿಂಟ್ ಇತ್ತು ನೋಡಿ." ಅವನು ತೆಳ್ಳಗಿನ ಹಳೆಯ ಪುಸ್ತಕ ತೆರೆದು ಓದಿದ. "'ಆ ವರ್ಷ ಬೆಳ್ಳಕ್ಕಿಕೆರೆಯ ಕೋಡಿ ಬಿತ್ತು.' ಕೋಡಿ ಬಿದ್ಮೇಲೆ ಇನ್ನೇನು, ಕಟ್ಟೆ ಒಡೆದು ಊರೆಲ್ಲ ಕೊಚ್ಕೊಂಡು ಹೋಯ್ತು. ಅದನ್ನೇ ಡೆವಲಪ್ ಮಾಡಿದಾರೆ."

ಅನಂತಲಕ್ಷ್ಮಿ ಅವನ ಮುಖವನ್ನೇ ನೋಡಿದಳು.

"ಕೋಡಿ ಬೀಳೋದು ಅಂದ್ರೆ ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಹರಿಯೋದು ಕಣೋ! ಒಡೆಯೋದಲ್ಲ. ಮಾಗಡಿ ಹತ್ರ ನಮ್ಮಜ್ಜಿ ಊರಲ್ಲಿ ಕೋಡಿ ಬಿತ್ತು ಅಂದ್ರೆ ಹೆಂಗಸರೆಲ್ಲ ಹೊಸ ಸೀರೆ ಉಟ್ಕೊಂಡು ಬಾಗಿನ ಬಿಡೋಕೆ ಓಡ್ತಿದ್ವಿ."

ಸಮರ್ಥ ತಲೆ ಹಿಡಿದುಕೊಂಡು ನಕ್ಕ. "ಮಗಾ, ಕನ್ನಡ ಬರ್ದೇ ಊರಿಗೆ ಊರನ್ನೇ ಮುಳುಗಿಸವ್ರೆ! ಆಂಟಿ, ನೀವೇ ಬರೀಬೇಕಿತ್ತು ಬುಕ್ಕು."

"ಹಂಗಾದ್ರೆ ತಪ್ಪು ಅಂತ ಅವರಿಗೆ ಹೇಳೋ."

"ಮೆಸೇಜ್ ಹಾಕ್ತೀನಿ ಆಂಟಿ," ಆತ್ರೇಯನೂ ನಗುತ್ತಿದ್ದ. "ಆದ್ರೆ ಪ್ರಿಂಟಾಗಿದೆ. ಎಲ್ಲ ಕಡೆ ಅದನ್ನೇ ಆಡ್ತಿದಾರೆ. ನಿಜ ಹೇಳ್ಬೇಕಂದ್ರೆ ನಂಗೂ ಈ ಕೆರೆ, ತೂಬು ಬೋರಾಗಿದೆ. ಇಂಚರಾಗೆ ಹೊಸ ಪಾತ್ರ ಮಾಡಿಕೊಡ್ತೀನಿ. ಬಿಲ್ಲುಗಾರ್ತಿ. ಸಖತ್ತಾಗಿರತ್ತೆ."

"ಅವಳು ಬಿಲ್ಲುಗಾರ್ತಿ ಆಗಲ್ಲ ಕಣೋ."

"ಆಗ್ತಾಳೆ ಬಿಡಿ ಆಂಟಿ, ಗೇಮ್ ತಾನೇ."

ಗೇಮ್ ತಾನೇ. ಚಿಲಕ ಬಿಚ್ಚಿದ ಮೇಲೆ ಬಾಗಿಲಲ್ಲಿ ಉಳಿದ ತೂತುಗಳನ್ನು ಈ ಹುಡುಗ ನೋಡಿಲ್ಲ. ತೋರಿಸಲೇ ಅಂದುಕೊಂಡಳು. ತೋರಿಸಿದರೆ ಮುಂದಿನ ವಾರದಿಂದ ಇವರು ಬರುವುದನ್ನೇ ಬಿಟ್ಟಾರು. ಸಿಪ್ಪೆ ಅಂಟಿದ ಕೈಯಲ್ಲೇ ಅವನ ತೋಳು ಹಿಡಿದಳು.

"ಇವತ್ತೊಂದಿನ ಹೇಳಬೇಡ ಕಣೋ. ನಿನ್ನ ದಮ್ಮಯ್ಯ."

ಅವನು ಕೈ ಬಿಡಿಸಿಕೊಳ್ಳಲಾರದೆ ಸಮರ್ಥನ ಕಡೆ ನೋಡಿದ. "ಸರಿ ಆಂಟಿ. ಇವತ್ತೊಂದಿನ. ಮುಂದಿನ ವಾರ ಹೇಳ್ಲೇಬೇಕು."

ಆಟ ಶುರುವಾಯಿತು. ಅನಂತಲಕ್ಷ್ಮಿ ಅವರೆಕಾಳು ಬಿಟ್ಟು ಗೋಡೆಗೆ ಒರಗಿ ನಿಂತಳು. ಆತ್ರೇಯ ಆಕಳಿಸುತ್ತಾ ಹೇಳುತ್ತಿದ್ದ: ಬಿಸಿಲು, ಒಣಗುತ್ತಿರುವ ಪೈರು, ಜಗಳಕ್ಕೆ ನಿಂತ ಗೌಡ. ಆಮೇಲೆ ಆ ದನಿ ಬಂತು. ಸ್ವಲ್ಪ ಒಡಕು, ಆದರೆ ಗಟ್ಟಿ.

"ತೂಬು ತೆಗೀತೀನಿ. ಕಡೇ ಗದ್ದೆಗೆ ಮೊದಲು ನೀರು. ಗೌಡ ಕಾಯಲಿ."

"ಗೌಡ ಕೋಲೆತ್ತುತ್ತಾನೆ."

"ಎತ್ತಲಿ. ಹೋಗೋ, ನಿಮ್ಮಪ್ಪನ ಕೆರೆನಾ ಅಂತೀನಿ."

ಸಮರ್ಥ ಕೂಗಿ ಚಪ್ಪಾಳೆ ತಟ್ಟಿದ. ಅನಂತಲಕ್ಷ್ಮಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮುಂದಿನ ವಾರ ಈ ದನಿಗೆ ನೀನು ಸತ್ತಿದ್ದೀಯ ಅನ್ನುತ್ತಾರೆ. ಆಮೇಲೆ ಅವಳು ರೂಮಿನ ಬಾಗಿಲು ಹಾಕಿಕೊಂಡರೆ ಯಾವ ಹೆಸರಿಟ್ಟು ಕರೆಯುವುದು?

ಹೊರಡುವಾಗ ಆತ್ರೇಯ ಶೂ ಹಾಕಿಕೊಳ್ಳುತ್ತಾ ಹಳೆಯ ಪುಸ್ತಕವನ್ನು ಅವಳ ಕೈಗಿಟ್ಟ. "ಇದು ಇನ್ನು ಯಾರಿಗೂ ಬೇಡ. ರದ್ದಿಗೆ ಹಾಕ್ಬಿಡಿ ಆಂಟಿ."

ಅವಳು ಅದನ್ನು ಅಡುಗೆಮನೆಗೆ ಒಯ್ದು ನಿಂತೇ ತಿರುವಿದಳು. ಕೋಷ್ಟಕಗಳು, ಬಾಣದ ಗುರುತುಗಳು, ಯಾವ ದಾಳಕ್ಕೆ ಏನು ಫಲ ಅನ್ನುವುದು. ಒಂದೂ ತಲೆಗೆ ಹತ್ತಲಿಲ್ಲ. ನಾಲ್ಕನೆಯ ಪುಟದಲ್ಲಿ ಮಾತ್ರ ನೇರವಾದ ಒಂದು ಸಾಲಿತ್ತು: ಕಥೆ ಹೇಳುವವರಿಗೆ ನಿಯಮ ಮರೆತುಹೋದರೆ ಕಥೆ ನಿಲ್ಲಿಸಬೇಡಿ, ತೋಚಿದ್ದು ಹೇಳಿ.

ತೋಚಿದ್ದು. ತನಗೆ ಏನು ತೋಚುತ್ತದೆ? ಅಜ್ಜಿಯ ಊರಿನ ಕೆರೆ ಏರಿ, ಕಾಲಿಗೆ ಮೆತ್ತುವ ಕೆಸರು, ಮೊರದಲ್ಲಿ ಅರಿಶಿನ ಕುಂಕುಮ, ತೇಲಿ ಹೋಗುವ ಬಳೆ ಬಿಚ್ಚೋಲೆ. ಇಷ್ಟೇ. ಇಷ್ಟಕ್ಕೆ ಎಷ್ಟು ಭಾನುವಾರ ನಡೆದೀತು? ಮಗಳು ಅಮ್ಮನ ಮುಖ ನೋಡಿ ಎದ್ದು ಹೋದರೆ?

ಹೆಜ್ಜೆ ಸದ್ದಾಯಿತು. ಇಂಚರಾ ನೀರಿಗೆ ಬಂದಿದ್ದಳು. ಅನಂತಲಕ್ಷ್ಮಿ ಪುಸ್ತಕದ ಮೇಲೆ ಅವರೆ ಸಿಪ್ಪೆಯ ತಟ್ಟೆ ಇಟ್ಟಳು. ಮಗಳು ನೀರು ಕುಡಿದು, ಲೋಟ ತೊಳೆದು ಬೋರಲು ಹಾಕಿ, ಬಂದ ಹಾಗೇ ಹೋದಳು.

ಅನಂತಲಕ್ಷ್ಮಿ ಬೇಳೆ ತೊಳೆದು ಕುಕ್ಕರ್‌ಗೆ ಹಾಕಿದಳು. ಗಂಡ ಹಾಲ್‌ನಿಂದ "ಇವತ್ತು ತಡ ಆಯ್ತಲ್ಲೇ ಅಡುಗೆ" ಎಂದರು. ಅವಳು ಹೂಂ ಅಂದಳು. ಮುಂದಿನ ಭಾನುವಾರ ಬರಬೇಡಿ ಅಂತ ಹುಡುಗರಿಗೆ ಫೋನ್ ಮಾಡಬೇಕು. ಆತ್ರೇಯ ಕೂತು ಕಥೆ ಹೇಳುವ ಕುರ್ಚಿಯ ಕಾಲು ಅಲ್ಲಾಡುತ್ತದೆ, ತಾನು ಕೂರುವ ಮೊದಲು ಅದಕ್ಕೆ ರಟ್ಟು ಕೊಡಬೇಕು.

ಕುಕ್ಕರ್ ಕೂಗಿತು. ಆ ಸದ್ದಿನ ಮರೆಯಲ್ಲಿ ಅವಳು ಕಥೆಯ ಮೊದಲ ಸಾಲನ್ನು ಹೇಳಿ ನೋಡಿದಳು. ತರಕಾರಿಯವನ ಹತ್ತಿರ ಚೌಕಾಸಿ ಮಾಡಿದ ಹಾಗೆ ಬಂತು. ಇನ್ನೊಂದು ಕೂಗಿಗೆ ಕಾದು, ಮತ್ತೆ ಹೇಳಿದಳು.

"ಬೆಳಗಾಗೋ ಹೊತ್ತಿಗೆ ಬೆಳ್ಳಕ್ಕಿಕೆರೆ ಕೋಡಿ ಬಿದ್ದಿತ್ತು. ಊರಿನ ಹೆಂಗಸರೆಲ್ಲ ನೀರಗಂಟಿಯ ಮನೆ ಬಾಗಿಲು ತಟ್ಟಿದರು."